ರೊಟ್ಟಿ ನಿಂಬೆವ್ವ ಲೋಕಪಾಠ ಹೇಳಿದ ವರ್ಷ

ಸವಳಕೊಪ್ಪ
2191ನೆಯ ಇಸವಿ, ಫೆಬ್ರವರಿ ಮೂವತ್ತು

ಇಪ್ಪತ್ತೊಂದನೆಯ ಶತಮಾನದ ಮೊದಲ ಪಾದದಲ್ಲಿರುವ ಹಿರಿಯರಿಗೆ, ಅವರಲ್ಲೂ ಹೈಸ್ಕೂಲು ಮಾಸ್ತರರಿಗೆ ಮತ್ತು ಅಕ್ಕೋರುಗಳಿಗೆ, ಇಂದುಮತಿ ಹಲವಾಗಲಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ಬಡ ತಿಂಗಳಾಗಿತ್ತೆಂದು ಓದಿದ್ದೇನೆ. ಜುಲೈ, ಆಗಸ್ಟು ಎರಡೂ ಒಂದರ ಹಿಂದೆ ಒಂದು ಮೂವತ್ತೊಂದು ದಿನ ಇಟ್ಟುಕೊಂಡು ಮೆರೆಯುವುದು ನ್ಯಾಯವಲ್ಲವೆಂದು ನಮ್ಮ ಮುತ್ತಜ್ಜಂದಿರು ಅವುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಆ ಗಲಾಟೆಯಲ್ಲಿ ಹುಟ್ಟಿದ ದಿನ ಕಳೆದುಕೊಂಡವರ ಮೊಮ್ಮಕ್ಕಳು ಇಂದಿಗೂ ಕೋರ್ಟಿಗೆ ಅಲೆಯುತ್ತಿದ್ದಾರೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಬೇಕು, ಬಂದಲ್ಲೇ ಅರ್ಥ ಹೇಳುತ್ತೇನೆ. ನಿಮ್ಮ ಕಾಲದ ಬರಹ ಓದುವಾಗ ನನ್ನ ಪಾಡೂ ಇದೇ. ‘ನೆಟ್‌ವರ್ಕ್ ಇಲ್ಲ’ ಎಂದು ಎಲ್ಲರೂ ಬರೆದಿದ್ದೀರಿ. ಅದು ಯಾವ ದೇವರ ಹೆಸರೋ ನನಗೆ ಗೊತ್ತಾಗಲಿಲ್ಲ, ಆದರೆ ನೀವು ಅದನ್ನು ಬಹಳ ನೆನೆಯುತ್ತಿದ್ದಿರಿ ಎಂಬುದು ಮಾತ್ರ ಸ್ಪಷ್ಟ. ಇನ್ನು ಕಾಗದ ಹಿಂದಿನ ಕಾಲಕ್ಕೆ ಹೋಗುವ ಬಗೆ ನನಗೆ ತಿಳಿಯದು. ಹೋಗುತ್ತದೆ ಎಂದು ಅಂಚೆಯವರು ಹೇಳಿದರು. ಹೋಗದಿದ್ದರೆ ಯಾರನ್ನು ಕೇಳಬೇಕೆಂದು ಅವರು ಹೇಳಲಿಲ್ಲ.

ನಾನು ಸವಳಕೊಪ್ಪದ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಹೇಳಿಕೊಡುತ್ತೇನೆ. ಊರು ಗದಗಿನಿಂದ ಮೂಡಲಿಗೆ, ಎರೆಹೊಲಗಳ ನಡುವೆ ಇದೆ. ಬಿಸಿಲು ನಿಮ್ಮ ಕಾಲಕ್ಕಿಂತ ಬಲಿತಿರುವುದರಿಂದ ನಮ್ಮ ಶಾಲೆ ಕೋಳಿ ಕೂಗುವ ಹೊತ್ತಿಗೆ ಶುರುವಾಗಿ ಬಿಸಿಲೇರುವುದರೊಳಗೆ ಮುಗಿಯುತ್ತದೆ. ಬೀದಿಗಳ ಮೇಲೆ ಮನೆಯಿಂದ ಮನೆಗೆ ದಪ್ಪ ಜಮಖಾನೆಯಂಥದ್ದನ್ನು ಬಿಗಿದು ನೆರಳು ಮಾಡಿಕೊಂಡಿದ್ದೇವೆ, ಅದಕ್ಕೆ ನೆರಳುಬೀದಿ ಎನ್ನುತ್ತೇವೆ. ಸಾಮಾನು ಸರಂಜಾಮು ದೂರದೇಶಕ್ಕೆ ಹೋಗುವುದು ಗಾಳಿಬಂಡಿಯಲ್ಲಿ. ಅದು ಕುಂಬಳಕಾಯಿಯ ಆಕಾರದ ದೊಡ್ಡ ಬುರುಡೆ, ಮೋಡದ ಕೆಳಗೆ ನಿಧಾನಕ್ಕೆ ತೇಲುತ್ತದೆ. ಮನುಷ್ಯರು ಮಾತ್ರ ಅಷ್ಟಾಗಿ ಎಲ್ಲಿಗೂ ಹೋಗುವುದಿಲ್ಲ. ಹೋಗುವ ಅಗತ್ಯ ತಪ್ಪಿಸಿದ್ದು ಕಿವಿಗುಬ್ಬಿ. ಕಿವಿಗುಬ್ಬಿ ಎಂದರೆ ಕಿವಿಯ ಹಿಂದೆ ಕೂರುವ, ಹುಣಸೆಬೀಜದಷ್ಟು ದೊಡ್ಡ ಯಂತ್ರ. ಎದುರಿಗಿದ್ದವರಾಗಲಿ, ದೂರದೇಶದವರಾಗಲಿ ಯಾವ ಭಾಷೆಯಲ್ಲಿ ಮಾತಾಡಿದರೂ ನಮಗೆ ನಮ್ಮ ಭಾಷೆಯಲ್ಲೇ ಕೇಳುತ್ತದೆ, ನಮಗೆ ತಿಳಿದ ಮಾತಿಗೆ ಮಾತ್ರ ಅದು ಬಾಯಿ ಹಾಕುವುದಿಲ್ಲ. ಜಗತ್ತಿನವರೆಲ್ಲರ ಜೊತೆ ಮಾತಾಡಬಹುದು ಎಂದಾದ ಮೇಲೆ ಯಾರ ಜೊತೆಗೂ ಮಾತಾಡುವ ಆಸೆ ಉಳಿಯಲಿಲ್ಲ. ಈ ಗುಬ್ಬಿಗೆ ಸೌಜನ್ಯವನ್ನೂ ಕಲಿಸಿದ್ದಾರೆ. ಹಿಂದೊಮ್ಮೆ ಇಬ್ಬರು ಮಂತ್ರಿಗಳು ಒಬ್ಬರನ್ನೊಬ್ಬರು ಎಮ್ಮೆ ಎಂದು ಕರೆದುಕೊಂಡು, ಗುಬ್ಬಿ ಅದನ್ನು ಹಾಗೆಯೇ ಮುಟ್ಟಿಸಿ, ಎರಡು ದೇಶಗಳ ದಂಡು ಗಡಿಯಲ್ಲಿ ನಿಲ್ಲುವಂತಾಯಿತಂತೆ. ಅಂದಿನಿಂದ ಯಾರು ಏನೇ ಬೈದರೂ ಗುಬ್ಬಿ ಅದನ್ನು ಸೋಸಿ, ಸಕ್ಕರೆ ಹಾಕಿ ಕಿವಿಗೆ ಬಿಡುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಎಲ್ಲರೂ ಮರೆತಿದ್ದೇವೆ.

ಹೀಗಿರುವಾಗ ಹೋದ ವರ್ಷ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಹೈಸ್ಕೂಲಿನ ಮಕ್ಕಳಿಗೆ ಲೋಕದ ಅರಿವು ಇಲ್ಲವಾಗಿದೆ, ಆದ್ದರಿಂದ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಲೋಕಪಾಠ ಎಂಬ ಹೊಸ ವಿಷಯ ಕಲಿಸತಕ್ಕದ್ದು. ಅದನ್ನು ಯಂತ್ರದಿಂದ ಹೇಳಿಸಕೂಡದು, ಪುಸ್ತಕದಿಂದಲೂ ಹೇಳಿಸಕೂಡದು, ಊರಿನ ಜನರಲ್ಲೇ ಜೊತೆಗಾರರನ್ನು ಹುಡುಕಿ ಅವರ ಕೈಯಿಂದ ಹೇಳಿಸತಕ್ಕದ್ದು. ಪಾಠದ ಹೊತ್ತಿನಲ್ಲಿ ಕಿವಿಗುಬ್ಬಿ ತೆಗೆದಿಡತಕ್ಕದ್ದು. ವರ್ಷ ಮುಗಿಯುವುದರೊಳಗೆ ಜೊತೆಗಾರರು ಸಿಗದಿದ್ದರೆ ಆ ಎರಡು ತರಗತಿಗಳನ್ನು ಮನೆಗೋಡೆ ಶಾಲೆಗೆ ಸೇರಿಸಲಾಗುವುದು. ಮನೆಗೋಡೆ ಶಾಲೆಯೆಂದರೆ ಮಕ್ಕಳು ಮನೆಯಲ್ಲೇ ಕೂತು ಗೋಡೆಯ ಮೇಲೆ ಮೂಡುವ ಪಾಠ ನೋಡುವುದು. ನಮ್ಮ ಮಕ್ಕಳಿಗೆ ಇದನ್ನು ಕೇಳಿ ಜೀವವೇ ಹೋದಂತಾಯಿತು. ಮನೆಯಲ್ಲಿ ಕೂತರೆ ಒಂದು ಕಡೆ ಪಾಠ, ಇನ್ನೊಂದು ಕಡೆ ಅವ್ವ. ಆಟವಿಲ್ಲ, ಗೆಳತಿಯಿಲ್ಲ, ಗಂಟೆ ಹೊಡೆದಾಗ ಓಡುವ ಬಾಗಿಲೂ ಇಲ್ಲ.

ನಮ್ಮ ಹೆಡ್‌ಮಾಸ್ತರರು ಷಣ್ಮುಖಪ್ಪ ಅಣ್ಣಿಗೇರಿ. ಬಹಳ ಒಳ್ಳೆಯವರು, ಬಹಳ ಅಂಜುಬುರುಕರು. ಸುತ್ತೋಲೆಯನ್ನು ಓದಿ, ಕನ್ನಡಕ ಒರೆಸಿ ಮತ್ತೆ ಓದಿ, ಮೇಜಿನ ಗಾಜಿನ ಕೆಳಗೆ ಇಟ್ಟರು.

“ಅಕ್ಕೋರ, ಲೋಕ ತರಬೇಕು ಅಂದಾರ. ಎಷ್ಟ ತರಬೇಕು ಅಂತ ಬರದಿಲ್ಲಲ್ರಿ?”

“ಸಿಕ್ಕಷ್ಟು ತರೋಣ್ರಿ ಸರ್.”

“ನೀವ ತರ್ರಿ. ನಾ ಇಲ್ಲೇ ಕುಂತು ಜಾಗಾ ಹಿಡದಿರ್ತೀನಿ.”

ಮೊದಲು ನನಗೆ ನೆನಪಾದವರು ಚನವೀರಗೌಡರು. ಯಾಕೆಂದರೆ ನಮ್ಮ ತಾಲೂಕಿನಿಂದ ಚಂದ್ರಲೋಕಕ್ಕೆ ಹೋಗಿ ಬಂದವರು ಅವರೊಬ್ಬರೇ. ಅವರ ಮನೆಯ ಬಾಗಿಲ ಮೇಲೆ ‘ಚಂದ್ರಯಾತ್ರಿ’ ಎಂದು ಹಿತ್ತಾಳೆಯಲ್ಲಿ ಬರೆಸಿದ್ದಾರೆ. ಕರೆದದ್ದೇ ತಡ, ರುಮಾಲು ಸುತ್ತಿಕೊಂಡು ಬಂದರು. ಹೋಗುವ ಮುನ್ನ ಯಾರು ಯಾರು ಆರತಿ ಮಾಡಿದರು, ದಾರಿಯಲ್ಲಿ ಕೊಟ್ಟ ಉಪ್ಪಿಟ್ಟಿನಲ್ಲಿ ಉಪ್ಪೇ ಇರಲಿಲ್ಲ, ತಿಂದ ಉಪ್ಪಿಟ್ಟು ಹೇಗೆ ಮೇಲಕ್ಕೆ ತೇಲಿ ಬಂತು ಎಂಬುದನ್ನು ಇಡೀ ಅವಧಿ ವರ್ಣಿಸಿದರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಅಲ್ಲಿಂದ ನಮ್ಮ ಭೂಮಿ ಹೇಗೆ ಕಾಣುತ್ತಿತ್ತು ಎಂದು ಕೇಳಿದ. ಗೌಡರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನನಗ ಕಿಟಕಿ ಸೀಟು ಸಿಗಲಿಲ್ಲಪಾ,” ಎಂದರು.

ಮಕ್ಕಳು ನಗಲಿಲ್ಲ. ಗೌಡರ ಮುಖ ಅಷ್ಟು ಸಣ್ಣದಾಗಿತ್ತು.

ಎರಡನೆಯವನು ಪಂಪುಸೆಟ್ಟು ರಿಪೇರಿಯ ಒಟಿಯೆನೊ. ಅವನ ತಂದೆತಾಯಿ ಗಾಳಿಗಿರಣಿ ಕಟ್ಟುವ ಕೆಲಸಕ್ಕೆ ಕೀನ್ಯಾದ ಕಿಸುಮು ಎಂಬ ಊರಿನಿಂದ ಬಂದು ಇಲ್ಲೇ ನೆಲೆಸಿದವರು, ಈಗ ಇಬ್ಬರೂ ಇಲ್ಲ. ಆಫ್ರಿಕಾ ಖಂಡದ ಪಾಠಕ್ಕೆ ಇವನಿಗಿಂತ ಬೇರೆ ಯಾರು ಬೇಕು ಎಂದುಕೊಂಡು ಅಂಗಡಿಗೆ ಹೋದೆ. ಅವನು ಎಣ್ಣೆಗೈಯಲ್ಲೇ ನಮಸ್ಕಾರ ಮಾಡಿದ.

“ಅಕ್ಕೋರ, ನಾ ಅಲ್ಲಿಂದ ಬರಬೇಕಾದ್ರ ನಮ್ಮವ್ವನ ಬಗಲಾಗಿದ್ದೆ. ಈಗ ನಾ ಹುಬ್ಬಳ್ಳಿ ಸೈತ ಸರಿಯಾಗಿ ನೋಡಿಲ್ಲರಿ. ಸಾಲ್ಯಾಗ ಬಂದು ಏನ ಹೇಳ್ಲಿ? ಕಿಸುಮುದಾಗೂ ಜನಾ ಇದ್ದಾರ ಅಂತ ಹೇಳ್ಲ್ಯಾ?”

ನನಗೆ ನಾಚಿಕೆಯಾಯಿತು. ಮುಖ ನೋಡಿ ಪಾಠ ಕೇಳಲು ಹೋಗಿದ್ದೆ. ಚಹಾ ತರಿಸಿದ. ಕುಡಿಯುತ್ತಾ ಅವನೇ ಹೇಳಿದ, “ಈ ಊರಾಗ ದಿನಾ ಪರದೇಶದವರ ಜೋಡಿ ಮಾತಾಡಾಕಿ ಒಬ್ಬಾಕೀನ ಅದಾಳ್ರಿ. ನಿಮ್ಮ ಸಾಲಿ ಗ್ವಾಡಿ ಆಚೀಕ. ಆದ್ರ ನಾ ಹೇಳ್ದೆ ಅಂತ ಹೇಳಬ್ಯಾಡ್ರಿ.”

ಯಾರೆಂದು ಅವನು ಹೇಳಬೇಕಾಗಿರಲಿಲ್ಲ. ನಮ್ಮ ಶಾಲೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಮಹಿಳೆಯರ ರೊಟ್ಟಿ ಸಂಘವಿದೆ. ಅಲ್ಲಿ ಬಿಳಿಜೋಳದ ಖಡಕ್ ರೊಟ್ಟಿ ಬಡಿದು, ಒಣಗಿಸಿ, ಗಾಳಿಬಂಡಿಗೆ ಹಾಕುತ್ತಾರೆ. ಸಂಘದ ಯಜಮಾನಿ ನಿಂಬೆವ್ವ ಕೊಣ್ಣೂರ. ಹೆಸರಿಟ್ಟವರು ಮುಂದಿನದನ್ನು ಕಂಡೇ ಇಟ್ಟಿರಬೇಕು. ನಮ್ಮ ಮಕ್ಕಳ ಚೆಂಡು ಗೋಡೆ ಹಾರಿ ಒಣಹಾಕಿದ ರೊಟ್ಟಿಯ ಮೇಲೆ ಬಿದ್ದರೆ ಆ ಚೆಂಡಿಗೆ ಪುನರ್ಜನ್ಮವಿಲ್ಲ. ಚೆಂಡಿನ ಬದಲು ಗೋಡೆಯ ಮೇಲಿಂದ ಬೈಗುಳ ಬರುತ್ತದೆ. ಆಕೆ ನೆರಳುಬೀದಿಯ ಈ ಬದಿಗೆ ಬರುತ್ತಿದ್ದರೆ ಅಣ್ಣಿಗೇರಿ ಮಾಸ್ತರರು ಆ ಬದಿಗೆ ದಾಟುತ್ತಿದ್ದರು.

ನಾನು ಹೋದಾಗ ನಿಂಬೆವ್ವ ರೊಟ್ಟಿ ಅಟ್ಟಿಗಳ ನಡುವೆ ಕೂತು ಯಾರೊಂದಿಗೋ ಕಿವಿಗುಬ್ಬಿಯಲ್ಲಿ ಮಾತಾಡುತ್ತಿದ್ದಳು. “ನಿನ್ನ ಒಲಿ ಆರಿ ಹೋಗ್ಲಿ, ನಿನ್ನ ಹೆಂಚು ಸೀಳಿ ಹೋಗ್ಲಿ,” ಎನ್ನುತ್ತಿದ್ದಳು. ಮಾತು ಮುಗಿಸಿ ನನ್ನ ಕಡೆ ತಿರುಗಿದಳು.

“ಮೆಕ್ಸಿಕೋದಾಕಿ. ಕಂದೀಲವ್ವ ಅಂತ. ಎಷ್ಟ ಬೈದ್ರೂ ‘ಧನ್ಯವಾದಗಳು ತಾಯಿ’ ಅಂತಾಳ. ಬೆನ್ನೆಲುಬಿಲ್ಲದ ಹೆಂಗಸು. ನೀ ಯಾಕ ಬಂದಿ? ಚೆಂಡ ಕೇಳಾಕ ಬಂದಿದ್ರ ಹಂಗ ಹೋಗು.”

ಕಂದೀಲವ್ವನ ನಿಜವಾದ ಹೆಸರು ಕಾಂದೆಲಾರಿಯಾ. ಮೆಕ್ಸಿಕೋ ದೇಶದ ಒಹಾಕಾ ಸೀಮೆಯ ಒಂದು ಸಣ್ಣ ಊರಿನಲ್ಲಿ ಖಾನಾವಳಿ ನಡೆಸುತ್ತಾಳೆ. ಆ ಸೀಮೆಯವರೂ ನಮ್ಮ ಹಾಗೆಯೇ ಗಟ್ಟಿ ರೊಟ್ಟಿ ತಿನ್ನುವವರು, ಆದರೆ ಗೋವಿನಜೋಳದ್ದು. ಬಿಸಿಲಿಗೆ ಅವರ ಬೆಳೆ ಸೊರಗಿದ ವರ್ಷಗಳಲ್ಲಿ ನಮ್ಮ ರೊಟ್ಟಿ ಅಲ್ಲಿಗೆ ಹೋಗಲು ಶುರುವಾಗಿ ಹಾಗೆಯೇ ಉಳಿದುಕೊಂಡಿದೆ. ನಾನು ಲೋಕಪಾಠದ ಸಂಗತಿ ಹೇಳಿದೆ. ಶಾಲೆಗೆ ಬರಬೇಕೆಂದೆ. ಮಕ್ಕಳು ಮನೆಗೋಡೆಯ ಪಾಲಾಗುತ್ತಾರೆಂದೆ.

“ಆದ್ರ ಚಲೋನ ಆತು. ನನ್ನ ರೊಟ್ಟಿ ಉಳೀತಾವು,” ಎಂದಳು ನಿಂಬೆವ್ವ. ಆಮೇಲೆ ಏನನ್ನಿಸಿತೋ, “ನಿಮ್ಮ ಹೆಡ್‌ಮಾಸ್ತರ ನಾ ಕಂಡ್ರ ಯಾಕ ಓಡ್ತಾನ? ಅವನ ಬಂದು ಕರೀಲಿ. ಬರ್ತೀನೋ ಇಲ್ಲೋ ಆಮ್ಯಾಲ ಹೇಳ್ತೀನಿ,” ಎಂದಳು.

ಅಣ್ಣಿಗೇರಿ ಮಾಸ್ತರರನ್ನು ಒಪ್ಪಿಸುವುದು ಇಲಾಖೆಯನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ಕೊನೆಗೆ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು, ನನ್ನನ್ನು ಮುಂದೆ ಬಿಟ್ಟುಕೊಂಡು ಬಂದರು. ಸಂಘದ ಹೊಸ್ತಿಲಲ್ಲಿ ನಿಂತು ಕಣ್ಣುಮುಚ್ಚಿ ಒಂದೇ ಉಸಿರಿನಲ್ಲಿ, “ನಿಂಬೆವ್ವಾರ, ನಮ್ಮ ಹುಡುಗೂರಿಗೆ ನೀವ ಬೇಕ್ರಿ,” ಎಂದರು. ನಿಂಬೆವ್ವ ಕೈಯ ಹಿಟ್ಟು ಕೊಡವಿ ಎದ್ದಳು.

“ಕಣ್ಣ ತಗೀರಿ ಮಾಸ್ತರ. ನಾ ಏನ್ ಹುಲಿ ಅಲ್ಲ. ಸೋಮವಾರ ಬರ್ತೀನಿ.”

ಬಂದಳು. ಮೊದಲ ದಿನವೇ ಒಂಬತ್ತನೆಯ ತರಗತಿಯವರನ್ನು ನೆಲದ ಮೇಲೆ ಕೂರಿಸಿ ಹಿಟ್ಟು ನಾದಿಸಿದಳು. ಸರಿಯಾಗಿ ರೊಟ್ಟಿ ಬಡಿಯಲು ಬಾರದವನಿಗೆ ದೇಶಗಳ ಹೆಸರು ತಿಳಿದು ಏನು ಪ್ರಯೋಜನ ಎಂಬುದು ಅವಳ ವಾದ. ಅವಳಿಗೆ ಗೊತ್ತಿದ್ದದ್ದು ಗೊತ್ತಿತ್ತು, ಗೊತ್ತಿಲ್ಲದ್ದೂ ಅಷ್ಟೇ ಧೈರ್ಯದಿಂದ ಗೊತ್ತಿತ್ತು. ಮೆಕ್ಸಿಕೋ ಸೊಲ್ಲಾಪುರದ ಆಚೆಗಿದೆ, ಬಹಳವೆಂದರೆ ಸಮುದ್ರ ಒಂದು ಅಡ್ಡ ಬರುತ್ತದೆ ಎಂದಳು. ಹತ್ತನೆಯ ತರಗತಿಯ ಮೆಹರುನ್ನಿಸಾ ನದಾಫ್ ಎದ್ದು, ಭೂಗೋಳದ ಚೆಂಡು ತಂದು ತೋರಿಸಿ, “ಇಲ್ಲ ಆಯಿ, ನಮ್ಮ ಕಾಲಿನ ಕೆಳಗ ಆ ಕಡೆ ಐತಿ ನೋಡ್ರಿ,” ಎಂದಳು. ನಿಂಬೆವ್ವ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅದಕ್ಕ ನಾ ಬೆಳಿಗ್ಗೆ ಮಾತಾಡಿಸಿದ್ರ ಆಕಿ ಸಂಜಿ ಆತು ಅಂತಾಳ. ನಾ ಸುಳ್ಳಿ ಅಂದಿದ್ದೆ,” ಎಂದಳು.

ಆ ಮಾತಿನಿಂದಲೇ ದಾರಿ ತೆರೆಯಿತು. ಕಂದೀಲವ್ವನ ಊರಿನ ಹೈಸ್ಕೂಲಿನವರೂ ನಮ್ಮ ಹಾಗೆಯೇ ಜೊತೆಗಾರರನ್ನು ಹುಡುಕಿ ಸೋತಿದ್ದರು. ಅವರಿಗೆ ಬರೆದೆವು. ಅವರು ಕೂಡಲೇ ಖುಷಿಯಿಂದ ಒಪ್ಪಿಕೊಂಡರು. ನಮ್ಮ ಬೆಳಗಿನ ಪಾಠದ ಹೊತ್ತು ಅವರ ಸಂಜೆ. ಗೋಡೆಕನ್ನಡಿಯಲ್ಲಿ, ಎಂದರೆ ದೂರದವರನ್ನು ಎದುರಿಗೆ ಕೂರಿಸುವ ಗೋಡೆಯಲ್ಲಿ, ಎರಡೂ ಕಡೆಯ ಮಕ್ಕಳು ಗುಬ್ಬಿ ತೆಗೆದಿಟ್ಟು ಕೈಸನ್ನೆ, ಚಿತ್ರ, ಕೂಗಾಟಗಳಿಂದ ಒಬ್ಬರ ಮಾತು ಒಬ್ಬರು ಕಲಿಯತೊಡಗಿದರು. ನೀರು, ಉಪ್ಪು, ಅವ್ವ, ಹೊಟ್ಟೆನೋವು, ಇವೆಲ್ಲ ನಾನು ಕಲಿಸಿದ ಕ್ರಮದಲ್ಲಿ ಬಂದವು. ಬೈಗುಳಗಳು ಮಾತ್ರ ನಾನು ಕಲಿಸದೆಯೇ ಮೊದಲು ಬಂದವು. ಒಂದು ದಿನ ಆಟದ ಬಯಲಿನಲ್ಲಿ ನಮ್ಮ ಹುಡುಗರು ಒಬ್ಬರನ್ನೊಬ್ಬರು ‘ಸಿನ್ವೆರ್ಗ್ವೆನ್ಸಾ’ ಎಂದು ಅಟ್ಟಿಸಿಕೊಂಡು ಓಡುತ್ತಿದ್ದುದನ್ನು ಕೇಳಿದೆ. ಸ್ಪ್ಯಾನಿಷಿನಲ್ಲಿ ನಾಚಿಕೆಗೇಡಿ ಎಂದರ್ಥ. ಅದೇ ಹೊತ್ತಿಗೆ ಆ ಕಡೆಯ ಮಕ್ಕಳು ‘ಮೂಳ’, ‘ಮೂಳಿ’ ಕಲಿತಿದ್ದರು. ಎಲ್ಲರಿಗಿಂತ ಚುರುಕಾಗಿದ್ದವರು ಈ ಕಡೆ ನಮ್ಮ ಮೆಹರುನ್ನಿಸಾ, ಆ ಕಡೆ ಇತ್ಸೆಲ್ ಎಂಬ ಹುಡುಗಿ. ವರ್ಷ ಮುಗಿಯುತ್ತ ಬಂದ ಹಾಗೆ ಆ ಕಡೆಯ ಮಾತನ್ನು ಮೆಹರುನ್ನಿಸಾ ಕನ್ನಡದಲ್ಲಿ, ಈ ಕಡೆಯದನ್ನು ಇತ್ಸೆಲ್ ಅವರ ಭಾಷೆಯಲ್ಲಿ ಹೇಳುವಷ್ಟಾದರು.

ವರ್ಷದ ಕೊನೆಗೆ ಇಲಾಖೆಯಿಂದ ಪರಿವೀಕ್ಷಣೆಗೆ ಬಂದವರು ಸುನೀತಿ ಶೇಟ್ ಎಂಬುವರು, ಉಡುಪಿ ಕಡೆಯವರು, ಮೆದುಮಾತಿನವರು. ಅಂದು ಎರಡೂ ಕಡೆಯ ಜೊತೆಗಾರರನ್ನು ಗುಬ್ಬಿಯಿಲ್ಲದೆ, ಮಕ್ಕಳ ಮೂಲಕವೇ ಮಾತಾಡಿಸಿ ತೋರಿಸಬೇಕೆಂದು ನಿಶ್ಚಯಿಸಿದ್ದೆವು. ನಿಂಬೆವ್ವ ಇಳಕಲ್ ಸೀರೆ ಉಟ್ಟು ಬಂದಳು. ಎಲ್ಲರೂ ಗುಬ್ಬಿ ತೆಗೆದು ಡಬ್ಬಿಗೆ ಹಾಕಿದರು. ಶೇಟ್ ಮೇಡಂ ಮಾತ್ರ, “ನಿಮ್ಮ ಕಡೆಯ ಕನ್ನಡ ನನಗೆ ಸರಿಯಾಗಿ ಗೊತ್ತಾಗುವುದಿಲ್ಲ ಮಾರಾಯ್ರೆ, ನನ್ನದೊಂದು ಇರಲಿ,” ಎಂದು ಕಿವಿಯ ಹಿಂದೆ ಉಳಿಸಿಕೊಂಡರು.

ಗೋಡೆಕನ್ನಡಿಯಲ್ಲಿ ಕಂದೀಲವ್ವ ಬಂದು ಕೂತಳು. ದುಂಡು ಮುಖ, ಎರಡು ಬಿಳಿ ಜಡೆ, ಕೈಯಲ್ಲಿ ಸೌಟು. ಅವಳ ಪಕ್ಕದಲ್ಲಿ ಇತ್ಸೆಲ್. ನಿಂಬೆವ್ವ ಇಷ್ಟು ವರ್ಷ ಹೇಗೆ ಮಾತು ತೆಗೆಯುತ್ತಿದ್ದಳೋ ಹಾಗೆಯೇ ತೆಗೆದಳು.

“ಏನ ಮೂಳಿ, ಇನ್ನೂ ಜೀವಂತ ಅದೀ?”

ಸಕ್ಕರೆ ಹಾಕಲು ನಡುವೆ ಗುಬ್ಬಿಯಿಲ್ಲವೆಂದು ನನಗೆ ಆಗ ಎಚ್ಚರವಾಯಿತು. ಕೈ ಎತ್ತಿದೆ, ಆದರೆ ಇತ್ಸೆಲ್ ಶ್ರದ್ಧೆಯ ಹುಡುಗಿ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿಬಿಟ್ಟಳು. ಕಂದೀಲವ್ವನ ಸೌಟು ಗಾಳಿಯಲ್ಲೇ ನಿಂತಿತು. ಇನ್ನೊಮ್ಮೆ ಹೇಳು ಎಂದಳು. ಇತ್ಸೆಲ್ ಇನ್ನೊಮ್ಮೆ ಹೇಳಿದಳು. ಕಂದೀಲವ್ವ ಮುಂದಕ್ಕೆ ಬಾಗಿ, ನಿಧಾನವಾಗಿ ಒಂದು ಉದ್ದದ ಮಾತು ಆಡಿದಳು. ಮೆಹರುನ್ನಿಸಾ ನನ್ನ ಕಡೆ ನೋಡಿದಳು.

“ಅಕ್ಕೋರ, ಇದ್ದದ್ದು ಇದ್ದಂಗ ಹೇಳ್ಲ್ಯೋ, ಸೋಸಿ ಹೇಳ್ಲ್ಯೋ?”

ನಾನು ಬಾಯಿ ತೆರೆಯುವ ಮೊದಲೇ ನಿಂಬೆವ್ವ, “ನೀ ಏನ್ ಚಾ ಸೋಸೋ ಜಾಲರಿ ಏನ? ಹೇಳ,” ಎಂದಳು.

“‘ಜೀವಂತ ಅದೀನಿ, ಮುದಿ ಹದ್ದೇ. ನಿನ್ನ ರೊಟ್ಟಿ ತಿಂದೂ ಬದುಕೇನಿ ಅಂದ್ರ ಇನ್ನ ಯಾವುದಕ್ಕೂ ಸಾಯಂಗಿಲ್ಲ,’ ಅನ್ನಾಕತ್ತಾರ್ರಿ ಆಯಿ.”

ಅಣ್ಣಿಗೇರಿ ಮಾಸ್ತರರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನಾನು ಶೇಟ್ ಮೇಡಂ ಕಡೆ ನೋಡಿದೆ. ಅವರು ಗುಬ್ಬಿಯ ದಯೆಯಿಂದ ಮುಗುಳ್ನಗುತ್ತ, “ಎಷ್ಟು ಚಂದ! ಇಬ್ಬರೂ ಪರಸ್ಪರ ಆರೋಗ್ಯ ವಿಚಾರಿಸಿಕೊಳ್ತಿದ್ದಾರೆ,” ಎಂದು ಬರೆದುಕೊಳ್ಳುತ್ತಿದ್ದರು.

ನಿಂಬೆವ್ವನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಹುಕಾಲ ಒಬ್ಬಳೇ ಗರಡಿಯಲ್ಲಿ ಸಾಮು ಮಾಡಿದವರಿಗೆ ಜೋಡಿ ಸಿಕ್ಕಿದಾಗ ಬರುವಂಥ ಒಂದು ಕಳೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಕೇಳ ಆಕೀನ. ಇದ ಮೊದಲ ಸಲ ಬೈಯಾಕತ್ತಾಳೋ, ಮೊದ್ಲಿಂದ ಬೈತಿದ್ದಳೋ?”

ಉತ್ತರ ಬಂತು. “‘ಮೊದಲನೇ ರೊಟ್ಟಿ ಗಂಟಿನಿಂದ,’ ಅಂತಾರ್ರಿ. ‘ಮುರದ ರೊಟ್ಟಿ ಬಂದಾಗೆಲ್ಲ ನಿನ್ನ ಮನಿತನಾ ಎಲ್ಲಾ ಬೈದೇನಿ. ನೀ ಪ್ರತೀ ಸಲ ತಮ್ಮ ಸಲಹೆಗೆ ಕೃತಜ್ಞತೆಗಳು ಅಂತಿದ್ದಿ. ನೆತ್ತರಿಲ್ಲದಾಕಿ ಅಂದ್ಕೊಂಡಿದ್ದೆ.’”

ಆಮೇಲೆ ನಡೆದದ್ದನ್ನು ಪೂರಾ ಬರೆದರೆ ಅಂಚೆಯವರು ಈ ಕಾಗದವನ್ನು ಒಯ್ಯಲಾರರು. ಹೆಂಚು, ಒಲೆ, ಮೂಗು, ಮುಪ್ಪು, ಅತ್ತೆಯಂದಿರು, ಯಾವುದನ್ನೂ ಬಿಡಲಿಲ್ಲ. ಇಬ್ಬರು ಹುಡುಗಿಯರೂ ಬೆವರಿಳಿಸಿಕೊಂಡು, ಒಂದು ಪದವನ್ನೂ ಕೆಳಗೆ ಬೀಳಗೊಡದೆ ಹೇಳಿದರು. ಸಿಗದ ಪದಕ್ಕೆ ಇಡೀ ತರಗತಿ ಎದ್ದು ನಿಂತು ಸಹಾಯ ಮಾಡಿತು. ‘ಸಿನ್ವೆರ್ಗ್ವೆನ್ಸಾ’ ಬಂದಾಗ ಯಾರೂ ಭಾಷಾಂತರಕ್ಕೆ ಕಾಯಲಿಲ್ಲ, ಗೋಡೆಯ ಎರಡೂ ಕಡೆ ಚಪ್ಪಾಳೆ ಬಿತ್ತು. ನಾನು ಇಷ್ಟು ವರ್ಷದಲ್ಲಿ ನನ್ನ ಮಕ್ಕಳು ಒಂದು ಪಾಠವನ್ನು ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ಕಂಡಿರಲಿಲ್ಲ.

ನಡುವೆ ನಿಂಬೆವ್ವ ಒಮ್ಮೆಲೇ ಜಗಳ ನಿಲ್ಲಿಸಿದಳು. ಸೆರಗು ಬಿಚ್ಚಿ ಮತ್ತೆ ಹೆಗಲ ಮೇಲೆ ಹೊದ್ದುಕೊಂಡಳು.

“ಒಂದ ಮಾತು ಕೇಳ ಆಕೀನ. ನನ್ನ ಮಗಳು ಕಸ್ತೂರಿ ಹ್ವಾದ ದಿನಾ, ಈ ವಾರ ರೊಟ್ಟಿ ಬರಂಗಿಲ್ಲ, ನನ್ನ ಕೂಸು ಹೋತು ಅಂತ ನಾ ಹೇಳ್ದೆ. ಆಕಿ ಏನಂದ್ಲು ಗೊತ್ತೈತೇನ? ‘ತಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ’ ಅಂದ್ಲು. ಕಚೇರಿ ಕಾರಕೂನ ಅಂದಂಗ. ಅದಕ್ಕೂ ಮೊದ್ಲ ನಾ ಬಾಯಿಲೆ ಬೈತಿದ್ದೆ. ಅವತ್ತಿಂದ ಹೊಟ್ಟಿಲೆ ಬೈಯಾಕ ಹತ್ತೇನಿ. ಯಾಕ ಹಂಗಂದಿ ಅಂತ ಕೇಳ.”

ಇತ್ಸೆಲ್‌ಗೆ ಅಷ್ಟು ಕನ್ನಡ ಸಾಲಲಿಲ್ಲ. ಮೆಹರುನ್ನಿಸಾ ಗೋಡೆಯ ಹತ್ತಿರ ಹೋಗಿ, ತನಗೆ ಬಂದಷ್ಟು ಸ್ಪ್ಯಾನಿಷಿನಲ್ಲಿ, ನಿಂತು ನಿಂತು ಹೇಳಿದಳು. ಕಂದೀಲವ್ವ ಸೌಟನ್ನು ಕೆಳಗಿಟ್ಟಳು. ಆಮೇಲೆ ಆಡಿದ ಮಾತು ಬಹಳ ಸಣ್ಣದು. ಮೆಹರುನ್ನಿಸಾಳ ದನಿಯೂ ಸಣ್ಣದಾಗಿತ್ತು.

“ಆಯಿ, ಅವರು ಅವತ್ತು ಏನೂ ಮಾತಾಡೇ ಇಲ್ಲಂತ್ರಿ. ಬರೇ ಅತ್ತರಂತ.”

ಗುಬ್ಬಿ ಅಳುವಿಗೂ ಅರ್ಥ ಹೇಳಿತ್ತು.

ಕಂದೀಲವ್ವ ಇನ್ನೂ ಹೇಳುತ್ತಿದ್ದಳು. ಆ ದಿನ ಅಂಗಡಿ ಮುಚ್ಚಿದ್ದಳಂತೆ. ಅವರ ಸೀಮೆಯಲ್ಲಿಯೂ ವರ್ಷಕ್ಕೊಮ್ಮೆ ಹೋದವರಿಗೆ ಎಡೆ ಇಡುವ ಹಬ್ಬವಿದೆ. ಚೆಂಡುಹೂ ಹರಡಿ, ದೀಪ ಹಚ್ಚಿ, ಅವರವರಿಗೆ ಇಷ್ಟವಾದದ್ದನ್ನು ಇಡುತ್ತಾರೆ. ಪ್ರತಿ ವರ್ಷ ಅವಳು ತನ್ನವರ ಜೊತೆಗೆ ಕಸ್ತೂರಿಯ ಹೆಸರಿನಲ್ಲೂ ಒಂದು ಎಡೆ ಇಟ್ಟು, ಅದರಲ್ಲಿ ನಿಂಬೆವ್ವನ ರೊಟ್ಟಿ ಇಡುತ್ತಾಳಂತೆ.

“‘ಮುರದದ್ದು ಇಡಂಗಿಲ್ಲ, ಇಡೀದ ಇಡ್ತೀನಿ,’ ಅಂತಾರ್ರಿ. ‘ನೀ ಕಳಸೋ ಗಂಟಿನಾಗ ಇಡೀದೊಂದು ಹುಡುಕಾಕ ಎಷ್ಟ ಕಷ್ಟ ಐತಿ ಗೊತ್ತೈತೇನ?’ ಅಂತಾರ್ರಿ.”

ನಿಂಬೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೂಗೂ ಒರೆಸಿಕೊಂಡಳು. ನಮಗೆಲ್ಲ ಎತ್ತ ನೋಡಬೇಕೆಂದು ತಿಳಿಯಲಿಲ್ಲ.

“ಹೇಳ ಆಕಿಗೆ,” ಎಂದಳು ಕೊನೆಗೆ. “ಕಸ್ತೂರಿಗೆ ರೊಟ್ಟಿ ಸೇರ್ತಿರಲಿಲ್ಲ. ಅನ್ನಾ ಬೇಕಿತ್ತು ಮೂಳಿಗೆ.”

ಕಂದೀಲವ್ವ ಅದನ್ನು ಕೇಳಿ ಅಳುತ್ತಲೇ ನಕ್ಕಳು. ಮುಂದಿನ ಸಲ ಅನ್ನ ಇಡುತ್ತೇನೆ ಎಂದಳು. ಅದನ್ನು ಯಾರೂ ಕನ್ನಡಕ್ಕೆ ತರಬೇಕಾಗಲಿಲ್ಲ, ಅನ್ನ ಎಂಬ ಪದವನ್ನು ಅವಳೇ ಕನ್ನಡದಲ್ಲಿ ಹೇಳಿದಳು.

ಇಷ್ಟಾದ ಮೇಲೆ ನಿಂಬೆವ್ವನ ಕಣ್ಣು ಶೇಟ್ ಮೇಡಂ ಮೇಲೆ ಬಿತ್ತು. ತರಗತಿಯಲ್ಲಿ ಕಣ್ಣು ಒಣಗಿದ್ದದ್ದು ಅವರೊಬ್ಬರದೇ.

“ಮೇಡಮ್ಮಾರ, ನಿಮ್ಮ ಗುಬ್ಬಿ ನಿಮಗ ಏನ ಹೇಳ್ತು?”

ಮೇಡಂ ತಾವು ಬರೆದುಕೊಂಡಿದ್ದನ್ನು ಓದಿದರು. “‘ಉಭಯ ಪಕ್ಷಗಳು ಆಹಾರ ಪದಾರ್ಥಗಳ ಕುರಿತು ರಚನಾತ್ಮಕವಾಗಿ ಅಭಿಪ್ರಾಯ ವಿನಿಮಯ ಮಾಡಿಕೊಂಡವು.’ ಯಾಕೆ, ಬೇರೆ ಏನಾದರೂ ಆಯಿತಾ?”

“ತಗೀರಿ ಅದನ್ನ.”

ನಿಂಬೆವ್ವ ಹೇಳಿದ ಮೇಲೆ ತೆಗೆಯದಿರುವ ಧೈರ್ಯ ಯಾರಿಗಿದೆ? ಮೇಡಂ ಗುಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮೆಹರುನ್ನಿಸಾ ಮೊದಲನೆಯ ಮೂಳಿಯಿಂದ ಹಿಡಿದು ಕೊನೆಯ ಅನ್ನದವರೆಗೆ, ಮೇಡಂಗೆ ತಿಳಿಯಲೆಂದು ನಿಧಾನವಾಗಿ, ಇನ್ನೊಮ್ಮೆ ಎಲ್ಲವನ್ನೂ ಹೇಳಿದಳು. ಮುದಿ ಹದ್ದಿನ ಮಾತಿಗೆ ಮೇಡಂ ಗಾಬರಿಯಾದರು, ಅತ್ತೆಯಂದಿರ ಮಾತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಕಸ್ತೂರಿಯ ಮಾತು ಬಂದಾಗ ಪೆನ್ನು ಕೆಳಗಿಟ್ಟರು. ಬರೆದುಕೊಂಡಿದ್ದ ಹಾಳೆಯನ್ನು ಹರಿದು, ಹೊಸದರಲ್ಲಿ ಎರಡೇ ಸಾಲು ಬರೆದು ಅಣ್ಣಿಗೇರಿ ಮಾಸ್ತರರ ಕೈಗೆ ಕೊಟ್ಟರು. ‘ಮಕ್ಕಳು ಬೈಗುಳ ಕಲಿತಿದ್ದಾರೆ. ಪಾಠ ಮುಂದುವರಿಸತಕ್ಕದ್ದು.’

ಹೀಗೆ ನಮ್ಮ ಎರಡು ತರಗತಿಗಳು ಉಳಿದವು. ಸುದ್ದಿ ಊರಿನಲ್ಲಿ ಹರಡಿದ ಮೇಲೆ ಜೊತೆಗಾರರನ್ನು ಹುಡುಕುವ ಕಷ್ಟ ತಪ್ಪಿ, ಬಂದವರನ್ನು ಸಾಲಿನಲ್ಲಿ ನಿಲ್ಲಿಸುವ ಕಷ್ಟ ಶುರುವಾಯಿತು. ಒಟಿಯೆನೊ ಬಂದ, ಆದರೆ ಹೇಳಲು ಅಲ್ಲ, ಕೇಳಲು. ಈ ವರ್ಷ ಕಿಸುಮುವಿನ ಒಂದು ಶಾಲೆಯ ಜೊತೆ ನಮ್ಮ ಪಾಠ ನಡೆಯುತ್ತಿದೆ. ಅವನು ಅಂಗಡಿಗೆ ಬೀಗ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂರುತ್ತಾನೆ. ಅವರವ್ವ ಅವನನ್ನು ಮಲಗಿಸುವಾಗ ಹೇಳುತ್ತಿದ್ದ ಒಂದು ಪದದ ಅರ್ಥ ಅವನಿಗೆ ತಿಳಿದಿರಲಿಲ್ಲ. ಮೊನ್ನೆ ಅಲ್ಲಿನ ಹುಡುಗನೊಬ್ಬ ಹೇಳಿದ, ‘ಸಾಕು, ಸುಮ್ಮನಿರು’ ಎಂದು. “ನಾ ಏನೋ ದೊಡ್ಡ ಮಂತ್ರ ಅಂದ್ಕೊಂಡಿದ್ದೆ ನೋಡ್ರಿ,” ಎಂದು ಒಟಿಯೆನೊ ಇಡೀ ದಿನ ಹೇಳಿಕೊಂಡು ತಿರುಗಿದ. ಚನವೀರಗೌಡರೂ ಇನ್ನೊಮ್ಮೆ ಬಂದಿದ್ದರು. ಈ ಸಲ ಉಪ್ಪಿಟ್ಟಿನ ಕಥೆ ಬಿಟ್ಟು, ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಅಳುತ್ತಿದ್ದಳು, ಯಾಕೆಂದು ತಾನು ಕೇಳಲೇ ಇಲ್ಲ ಎಂದು ಹೇಳಿದರು. ಅದು ಒಳ್ಳೆಯ ಪಾಠವಾಯಿತು.

ನಿಮ್ಮ ಕಾಲದಲ್ಲಿಯೂ ಹೈಸ್ಕೂಲಿಗೆ ಲೋಕವನ್ನು ತರಬೇಕೆಂಬ ಸುತ್ತೋಲೆಗಳು ಬರುತ್ತಿದ್ದವಂತೆ, ನೀವು ಗೋಡೆಗೆ ಒಂದು ನಕ್ಷೆ ತೂಗುಹಾಕಿ, ಬಾವುಟಗಳ ಚಿತ್ರ ಅಂಟಿಸಿ, ಫೋಟೋ ತೆಗೆಸಿ ಕಳಿಸುತ್ತಿದ್ದಿರಂತೆ. ನಾನೂ ಅದನ್ನೇ ಮಾಡುವವಳಿದ್ದೆ, ನಕ್ಷೆ ಗೆದ್ದಲು ತಿಂದಿತ್ತು, ಅದಕ್ಕೆ ಬೀದಿಗಿಳಿದೆ. ನೀವೂ ಒಮ್ಮೆ ಶಾಲೆಯ ಹಿಂದಿನ ಗೋಡೆಯ ಆಚೆಗೆ ಹೋಗಿ ನೋಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನೀವು ಯಾರನ್ನು ಕಂಡರೆ ಬೀದಿಯ ಆ ಬದಿಗೆ ದಾಟುತ್ತೀರೋ ಅವರಿಂದಲೇ ಶುರು ಮಾಡಬಹುದು.

ಇನ್ನೊಂದು ಬೇಡಿಕೆ ಇದೆ, ಅದು ತುರ್ತು. ನಿಂಬೆವ್ವ ಮತ್ತು ಕಂದೀಲವ್ವ ಈಗ ಪ್ರತಿ ಗುರುವಾರ ಗುಬ್ಬಿಯಿಲ್ಲದೆ, ಮಕ್ಕಳ ಮೂಲಕ ಜಗಳವಾಡುತ್ತಾರೆ. ಊರಿಗೆ ಊರೇ ಬಂದು ಕೇಳುತ್ತದೆ. ಆದರೆ ಮೂರು ತಲೆಮಾರು ಗುಬ್ಬಿಯ ಸಕ್ಕರೆ ನೀರು ಕುಡಿದ ನಮ್ಮ ಜನ ಬೈಗುಳ ಮರೆತಿದ್ದಾರೆ. ನಿಂಬೆವ್ವನ ಹತ್ತಿರ ಇದ್ದವು ಅವಳ ಅಜ್ಜಿಯಿಂದ ಬಂದವು, ಅವೂ ತೀರುತ್ತ ಬಂದವು. ಹೋದ ವಾರ ಹೇಳಿದ್ದನ್ನೇ ಹೇಳಬೇಕಾಗಿ ಬಂದು ಅವಮಾನವಾಯಿತು. ನಿಮ್ಮ ಕಾಲದ ನಿಘಂಟುಗಳಲ್ಲಿ ಹುಡುಕಿದೆವು, ಸಭ್ಯಸ್ಥರು ಸಭ್ಯವಾದದ್ದನ್ನಷ್ಟೇ ಬರೆದಿಟ್ಟಿದ್ದಾರೆ. ಆದ್ದರಿಂದ ನಿಮ್ಮ ಅಜ್ಜಿಯಂದಿರ ಪಕ್ಕದಲ್ಲಿ ಕೂತು, ಅವರನ್ನು ಸ್ವಲ್ಪ ಕೆಣಕಿ, ಬಾಯಿಂದ ಬಂದದ್ದನ್ನೆಲ್ಲ ಬರೆದು, ಮುಂದಿನವರಿಗೆ ದಾಟಿಸುವ ವ್ಯವಸ್ಥೆ ಮಾಡಿ. ಹೊಲಸು ಬೇಡ, ಮಕ್ಕಳು ಹೇಳಬೇಕಲ್ಲ. ಖಾರವಿರಲಿ, ಉಪಮೆಯಿರಲಿ, ಒಂದಕ್ಕೊಂದು ಪ್ರಾಸವಿದ್ದರೆ ಬಹಳ ಒಳ್ಳೆಯದು.

ದಯವಿಟ್ಟು ತಡ ಮಾಡಬೇಡಿ. ಕಂದೀಲವ್ವನಿಗೆ ಮೂವರು ಅಕ್ಕಂದಿರಿದ್ದಾರಂತೆ. ಅವರೂ ಈಗ ಬಂದು ಪಕ್ಕದಲ್ಲಿ ಕೂರುತ್ತಿದ್ದಾರೆ. ಈ ಕಡೆ ನಮ್ಮ ನಿಂಬೆವ್ವ ಒಬ್ಬಳೇ.

ಇತಿ ನಿಮ್ಮ ಮುಂದಿನವಳು,
ಇಂದುಮತಿ ಹಲವಾಗಲಿ